ಮುಂದೆ ಡ್ರೈವರು, ಹಿಂದೆ ಗಾರ್ಡು

ಶನಿವಾರ ಬೆಳಗ್ಗೆ ಹೇಳಿದ ಹೊತ್ತಿಗೆ ಸರಿಯಾಗಿ ನಾನು ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಉಳಿದ ಇಬ್ಬರ ಸುಳಿವಿರಲಿಲ್ಲ. ನನಗೇನೂ ಆಶ್ಚರ್ಯವಾಗಲಿಲ್ಲ. ನಾನು ಗೂಡ್ಸ್ ಗಾಡಿಯ ಗಾರ್ಡು. ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬನೇ ಕೂತು, ಮುಂದಿನವರು ಯಾಕೆ ನಿಲ್ಲಿಸಿದರು, ಯಾವಾಗ ಬಿಡುತ್ತಾರೆ ಎಂದು ಗೊಣಗುವುದೇ ನನ್ನ ಕಸುಬಿನ ಅರ್ಧ ಭಾಗ. ಬಸ್‌ಸ್ಟ್ಯಾಂಡಿನಲ್ಲೂ ಅದನ್ನೇ ಮಾಡುತ್ತಾ ನಿಂತೆ.

ಮೊದಲು ಬಂದವನು ಮಲ್ಲಣ್ಣ. ಪೂರ್ತಿ ಹೆಸರು ಮಲ್ಲಿಕಾರ್ಜುನಪ್ಪ, ಕೊಬ್ಬರಿ ಮಂಡಿಯ ಸಾಹುಕಾರ, ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಎರಡು ದಿನದ ತಿರುಗಾಟಕ್ಕೆ ಎರಡು ಚೀಲ ತಂದಿದ್ದ. ಒಂದರಲ್ಲಾದರೂ ಬಟ್ಟೆ ಇರಬಹುದು ಎಂದುಕೊಂಡೆ. ಎರಡರಲ್ಲೂ ತಿಂಡಿಯೇ ಇತ್ತು.

"ಏನ್ಲಾ ಇದು, ಗುಡ್ಡ ಹತ್ತಕ್ಕೆ ಹೊಂಟಿದ್ಯೋ, ಬೀಗರ ಮನೆಗೆ ಹೊಂಟಿದ್ಯೋ?" ಎಂದೆ.

"ಹೊಟ್ಟೆ ಹಸಿದಾಗ ನನ್ನೇ ಹುಡುಕ್ಕಂಡು ಬತ್ತೀಯ, ಸುಮ್ನಿರ್ಲಾ" ಎಂದ.

ಆಮೇಲೆ ಚಂದ್ರು ಬಂದ. ಅವನ ಜೊತೆ ಹೆಂಡತಿ ಗಿರಿಜಳೂ ಬಂದಿದ್ದಳು. ನಾವು ಗುಡ್ಡ ತಿರುಗಲು ಹೊರಡುವಾಗ ಯಾರ ಮನೆಯವರೂ ಬಸ್‌ಸ್ಟ್ಯಾಂಡಿನವರೆಗೆ ಬಂದು ಕಳಿಸಿಕೊಟ್ಟ ಉದಾಹರಣೆ ಇರಲಿಲ್ಲ; ಹೋದರೆ ಸಾಕಪ್ಪ ಎಂಬಂತೆ ಬಾಗಿಲಲ್ಲೇ ಕೈಬಿಡುತ್ತಿದ್ದರು. ಗಿರಿಜ ನನ್ನನ್ನು ಪಕ್ಕಕ್ಕೆ ಕರೆದು ಮೆತ್ತಗೆ ಹೇಳಿದಳು: "ರಾಜಣ್ಣ, ಈ ಸಲ ನೀವು ಮುಂದೆ ನಡೀರಿ. ಇವ್ರು ನಿಮ್ಮ ಹಿಂದೆ ಬರ್ಲಿ."

ನಾನು ನಕ್ಕೆ. "ಅದು ಹೆಂಗಾಯ್ತದಮ್ಮ? ಗಾರ್ಡು ಮುಂದೆ ನಡೆದ್ರೆ ಗಾಡಿ ರಿವರ್ಸ್ ಹೋಯ್ತದೆ."

"ಹೋದ್ರೆ ಹೋಗ್ಲಿ" ಎಂದಳು. ಅವಳು ನಗಲಿಲ್ಲ.

ಇದನ್ನು ಬಿಡಿಸಿ ಹೇಳಬೇಕು. ಚಂದ್ರು ರೈಲಿನ ಡ್ರೈವರು. ನಾವು ಮೂವರೂ ಗುಡ್ಡ ಹತ್ತುವುದು ರೈಲುಗಾಡಿಯ ಹಾಗೆ: ಮುಂದೆ ಡ್ರೈವರು ಚಂದ್ರು, ನಡುವೆ ಗೂಡ್ಸ್ ವ್ಯಾಗನ್ನಿನಂತೆ ಚೀಲ ಹೊತ್ತ ಮಲ್ಲಣ್ಣ, ಕೊನೆಯಲ್ಲಿ ಗಾರ್ಡು ನಾನು. ಎಂಜಿನ್ನಿನಲ್ಲಿ ಡ್ರೈವರು ಮುಂದೆ ಕಾಣುವ ಸಿಗ್ನಲ್ಲನ್ನು ಬೆರಳು ಮಾಡಿ ಜೋರಾಗಿ ಹೇಳಬೇಕು, ಅಸಿಸ್ಟೆಂಟು ಅದನ್ನು ತಾನೂ ನೋಡಿ ಮರುನುಡಿಯಬೇಕು. ಇಬ್ಬರ ಬಾಯಲ್ಲೂ ಒಂದೇ ಮಾತು ಬಂದರೆ ಮಾತ್ರ ಗಾಡಿ ಮುಂದೆ. ನಮ್ಮ ಗಾಡಿಗೆ ಅಸಿಸ್ಟೆಂಟು ಇಲ್ಲದ ಕಾರಣ ಆ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಚಂದ್ರು "ಮುಂದೆ ತಿರುವು" ಎಂದರೆ ನಾನು ನೋಡಿಕೊಂಡು "ಆಲ್ ರೈಟ್" ಎನ್ನಬೇಕು. ನಾನು ಅನ್ನುವವರೆಗೆ ಯಾರೂ ಹೆಜ್ಜೆ ಎತ್ತುವಂತಿಲ್ಲ. ಮಕ್ಕಳ ಅಪ್ಪಂದಿರಾದರೂ ಈ ಆಟ ಬಿಟ್ಟಿರಲಿಲ್ಲ.

ನಮ್ಮ ಕಡೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುತ್ತಿದ್ದ ಕಾಲ ಅದು. ಹಾಸನದ ಕಡೆ ಓಡುತ್ತಿದ್ದ ಚಂದ್ರುವಿನ ಸಣ್ಣ ಗಾಡಿ ನಿಂತುಹೋಗಿ ತಿಂಗಳುಗಳಾಗಿದ್ದವು; ಆ ದಾರಿಯ ಹೊಸ ಹಳಿಯ ಮೇಲೆ ದೊಡ್ಡ ಗಾಡಿ ಈಗಷ್ಟೇ ಓಡತೊಡಗಿತ್ತು. ಸಣ್ಣ ಗಾಡಿ ನಿಂತಂದಿನಿಂದ ಅವನು ಲೋಕೋ ಷೆಡ್ಡಿನಲ್ಲಿ ಸ್ಪ್ಯಾನರ್ ಹಿಡಿದು, ದೊಡ್ಡ ಗಾಡಿಯ ಸೀಟು ಸಿಗುವ ದಿನಕ್ಕೆ ಕಾಯುತ್ತಿದ್ದ. ತರಬೇತಿ ಮುಗಿದಿತ್ತು. ಬರುವ ಗುರುವಾರ ಮೈಸೂರಿನಲ್ಲಿ ಕಣ್ಣಿನ ಪರೀಕ್ಷೆ. ಅದೊಂದು ಪಾಸಾದರೆ ಸೀಟು ಅವನದು. ಅವನ ಅಪ್ಪ ಹಬೆ ಎಂಜಿನ್ನಿಗೆ ಕಲ್ಲಿದ್ದಲು ಹಾಕುತ್ತಲೇ ಸರ್ವಿಸು ಮುಗಿಸಿದವರು. ಆ ಸೀಟಿನ ಪಕ್ಕದಲ್ಲಿ ನಿಂತರು, ಕೂರಲಿಲ್ಲ. ಮಗನಿಗೆ ಆ ಸೀಟು ಎಂದರೆ ಏನು ಎಂಬುದು ನಮಗೆ ಗೊತ್ತಿತ್ತು. ಈ ತಿರುಗಾಟ ಅವನ ಸೀಟಿನ ಸಂತೋಷಕ್ಕೆ ಎಂದೇ ಹೊರಟಿದ್ದು.

ಬಸ್ಸು ಬಂತು. ಹಣೆಯ ಮೇಲೆ ಹಂಡೆಯಷ್ಟು ಅಕ್ಷರದಲ್ಲಿ ಹಳೇಬೀಡು ಎಂದು ಬರೆದಿತ್ತು. ಚಂದ್ರು ಕಂಡಕ್ಟರನ್ನು, "ಇದು ಹಳೇಬೀಡಿಗೆ ಹೋಗೋದಾ?" ಎಂದು ಕೇಳಿದ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಕಂಡಕ್ಟರು, "ಓದೋಕೆ ಬರಲ್ವೇನ್ರೀ?" ಎಂದ. ಚಂದ್ರು ನಕ್ಕು ಹತ್ತಿದ.

ಮಳೆಗಾಲ ಮುಗಿದು ಬಿಸಿಲು ಇನ್ನೂ ಬಲಿಯದ ದಿನಗಳು. ಊರು ದಾಟಿದ ಮೇಲೆ ತೆಂಗಿನ ತೋಟ, ತೋಟದ ಆಚೆ ತೆನೆ ಕಟ್ಟಿದ ರಾಗಿ, ನಡುನಡುವೆ ಹುಚ್ಚೆಳ್ಳಿನ ಹಳದಿ ಪಟ್ಟಿ. ನನಗೆ ಈ ದಾರಿ ಬಹಳ ಇಷ್ಟ. ರೈಲಿನ ಕೊನೆಯ ಡಬ್ಬಿಯಿಂದ ಊರುಗಳೆಲ್ಲ ಹಿಂದಕ್ಕೆ ಹೋಗುವುದನ್ನೇ ನೋಡುವ ನನಗೆ, ಬಸ್ಸಿನ ಮುಂದಿನ ಸೀಟಿನಲ್ಲಿ ಊರುಗಳು ಎದುರಿಗೆ ಬರುವುದೇ ಒಂದು ಹಬ್ಬ. ಜಾವಗಲ್‌ನಲ್ಲಿ ಬಸ್ಸು ಟೀ ಕುಡಿಯುವಷ್ಟು ಹೊತ್ತು ನಿಂತಿತು. ಅಲ್ಲಿ ಹತ್ತಿದ ಒಬ್ಬ ಅಜ್ಜಿ ಸೊಪ್ಪಿನ ಗಂಟನ್ನು ಮಲ್ಲಣ್ಣನ ತೊಡೆಯ ಮೇಲೆ ಇಟ್ಟು, ಪಕ್ಕದಲ್ಲಿ ಕೂತು ವಿಚಾರಣೆ ಶುರು ಮಾಡಿದಳು.

"ಎತ್ಲಾಗ್ ಹೊಂಟಿದ್ದೀರಪ್ಪ?"

"ಗುಡ್ಡ ಹತ್ತಕ್ಕೆ ಕಣಜ್ಜಿ. ಇವತ್ತು ಪುಷ್ಪಗಿರಿ, ನಾಳೆ ಇನ್ನೊಂದು."

"ಹರಕೆನಾ?"

"ಹರಕೆ ಏನಿಲ್ಲ, ಸುಮ್ನೆ."

"ಸುಮ್ ಸುಮ್ನೆ ಯಾರಾದ್ರೂ ಗುಡ್ಡ ಹತ್ತಾರಾ? ಮನೇಲಿ ಕೆಲಸ ಇಲ್ವಾ?" ಎಂದು ಅಜ್ಜಿ ನಮ್ಮ ಮೂವರನ್ನೂ ಸರದಿಯಂತೆ ನೋಡಿದಳು. ಮಲ್ಲಣ್ಣ ಅವಳ ಕೈಗೆ ಒಂದು ಹೋಳು ಕೊಬ್ಬರಿ, ಒಂದು ಚೂರು ಬೆಲ್ಲ ಇಟ್ಟ ಮೇಲೆ ವಿಚಾರಣೆ ಮುಗಿಯಿತು.

ಹಳೇಬೀಡಿನಲ್ಲಿ ಇಳಿದು ತಟ್ಟೆ ಇಡ್ಲಿ ತಿಂದು ದೇವಸ್ಥಾನದ ಒಳಗೆ ಹೋದೆವು. ಚಂದ್ರು ಗೋಡೆಯ ಕೆಳಸಾಲಿನ ಆನೆಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತವನು ಏಳಲೇ ಇಲ್ಲ. ಮೂಗು ಕಲ್ಲಿಗೆ ತಾಗುವ ಹಾಗೆ ಕೂತಿದ್ದ. ಒಂದು ಮೈಲಿಗಿಂತ ಹತ್ತಿರದ್ದನ್ನು ನೋಡುವ ಅಭ್ಯಾಸವೇ ಇಲ್ಲದ ಮನುಷ್ಯ ಇವನು. ಹಿಂದೆ ಬಂದಾಗಲೆಲ್ಲ, "ಕಲ್ಲು ನೋಡಿದ್ದು ಸಾಕು, ನಡೀರ್ಲಾ ಗುಡ್ಡಕ್ಕೆ" ಎಂದು ಅವಸರಪಡಿಸುತ್ತಿದ್ದ.

"ರಾಜ, ಇಲ್ನೋಡು" ಎಂದ. "ಒಂದಾನೆ ಇದ್ದಂಗೆ ಇನ್ನೊಂದಿಲ್ಲ. ಇದರ ಸೊಂಡ್ಲು ನೋಡು, ಮುಂದಿನದರ ಬಾಲ ಹಿಡೀಬೇಕು ಅಂತ ಐತೆ, ಧೈರ್ಯ ಸಾಲ್ತಾ ಇಲ್ಲ."

ನೋಡಿದರೆ ಹಾಗೆಯೇ ಇತ್ತು. ಎಷ್ಟೋ ಸಲ ಇದೇ ಗೋಡೆ ಸುತ್ತಿದ ನಾನು ಆ ಆನೆಯನ್ನು ಗಮನಿಸಿರಲಿಲ್ಲ.

ಕೆರೆಯ ಗಾಳಿಗೆ ಸ್ವಲ್ಪ ಹೊತ್ತು ಕೂತು, ಬಿಸಿಲು ಇಳಿಯುತ್ತಿದ್ದಂತೆ ಪುಷ್ಪಗಿರಿಯ ಕಡೆ ನಡೆದೆವು. ಅದು ದೊಡ್ಡ ಗುಡ್ಡವೇನಲ್ಲ. ದೊಡ್ಡವರು ಮಕ್ಕಳನ್ನು ಕರೆದುಕೊಂಡು ಹೋಗಬಹುದಾದ ಗುಡ್ಡ. ಆದರೂ ನಮ್ಮ ಗಾಡಿ ನಿಯಮ ತಪ್ಪುವಂತಿಲ್ಲ. ಗಿರಿಜಳ ಮಾತು ಒಂದು ಸಲ ನೆನಪಾಯಿತು. ಚಂದ್ರು ಆಗಲೇ ಮುಂದೆ ಹೋಗಿ ಕೈ ಎತ್ತಿ ನಿಂತಿದ್ದ. ನಾನು ಹಿಂದೆ ನಿಂತು "ರೈಟ್" ಎಂದೆ.

"ಮುಂದೆ ತಿರುವು."

"ಆಲ್ ರೈಟ್."

"ಮುಂದೆ ಏರು."

"ಆಲ್ ರೈಟ್."

"ಎಡಗಡೆ ಎಮ್ಮೆ ಮಲಗೈತೆ, ಹುಷಾರು."

ಎಡಗಡೆ ಮಲಗಿದ್ದದ್ದು ಒಂದು ಕರೀ ಬಂಡೆ. ಅದರ ಮೇಲೆ ಯಾರೋ ಒಗೆದ ಟವಲು ಒಣಹಾಕಿದ್ದರು. ಮಲ್ಲಣ್ಣ ಚೀಲ ಕೆಳಗಿಟ್ಟು, ದಾರಿಯಲ್ಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕ. "ಡ್ರೈವರಪ್ಪ, ಹೋಗಿ ಹಾಲು ಕರಿ ಹೋಗ್ಲಾ" ಎಂದ. ಚಂದ್ರುವೂ ನಕ್ಕ. ನಮ್ಮ ನಗು ನಿಂತ ಮೇಲೂ ಅವನದು ಸ್ವಲ್ಪ ಹೊತ್ತು ನಡೆಯಿತು.

ಮೇಲಿನ ದೇವರ ಹೆಸರೂ ಮಲ್ಲಿಕಾರ್ಜುನ. ಹೀಗಾಗಿ ಅಲ್ಲಿಗೆ ಹೋದಾಗಲೆಲ್ಲ ಮಲ್ಲಣ್ಣ ನೆಂಟರ ಮನೆಗೆ ನುಗ್ಗುವಂತೆ ಒಳಗೆ ಹೋಗುತ್ತಾನೆ. ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಗೋಡೆಯ ಮೇಲಿರುವುದು ಬುದ್ಧನ ಪಟ. ನಾನು ಗುಡಿಯ ಹೊರಗೆ ಗಾಳಿಗೆ ಕೂರುವವನು. ಅದನ್ನು ನಾವು ಯಾವತ್ತೂ ಮಾತಾಗಿಸಿಕೊಂಡಿಲ್ಲ. ಮಲ್ಲಣ್ಣ ಬರುವಾಗ ನನ್ನ ಪಾಲಿನ ಕಾಯಿ ಚೂರು ತಂದೇ ತರುತ್ತಾನೆ, ನಾನು ತಿಂದೇ ತಿನ್ನುತ್ತೇನೆ. ಆ ದಿನ ಚಂದ್ರುವೂ ಒಳಗೆ ಹೋಗದೆ ನನ್ನ ಪಕ್ಕ ಕೂತ.

ಕೆಳಗೆ ಹಳೇಬೀಡಿನ ಕೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಗದ್ದೆ ಬಯಲು, ಅದರಾಚೆ ಊರುಗಳ ಹೊಗೆ, ಇನ್ನೂ ಆಚೆ ಬಾಬಾಬುಡನ್‌ಗಿರಿಯ ಸಾಲು.

"ಗುರುವಾರ ಒಂದು ಕಳೀಲಿ" ಎಂದ ಚಂದ್ರು. "ಆಮೇಲೆ ನಿನ್ನ ಗಾಡಿಗೆ ನಾನೇ ಡ್ರೈವರು ಅಂತ ಬರೆಸ್ಕಂತೀನಿ. ನಿಮ್ಮ ಬೀದಿ ಹಿಂದೆ ಹಾದು ಹೋಗುವಾಗ ಹಾರನ್ ಹೊಡೀತೀನಿ."

"ನೀನು ಡ್ರೈವರು ಅಂದ್ರೆ ನಾನು ಹಿಂದಿನ ಬ್ರೇಕ್ ವ್ಯಾನಿನಲ್ಲಿ ನಿಶ್ಚಿಂತೆಯಾಗಿ ಕೂತ್ಕೊಂಡು ಕಡ್ಲೆಕಾಯಿ ತಿಂತೀನಿ" ಎಂದೆ.

ಅವನು ಒಂದು ಹುಲ್ಲುಕಡ್ಡಿ ಕಿತ್ತು ಬೆರಳಿಗೆ ಸುತ್ತಿಕೊಂಡ. ಬಯಲಿನ ಕಡೆ ನೋಡುತ್ತಾ ಕೂತ. ಗುಡಿಯ ಗಂಟೆ ಮೊಳಗಿತು, ಮಲ್ಲಣ್ಣ ಕಾಯಿ ಚೂರು ತಂದ, ನಾವು ಇಳಿದು ಬಂದೆವು.

ಹಳೇಬೀಡಿನಿಂದ ಬೇಲೂರಿಗೆ ಹದಿನಾರು ಕಿಲೋಮೀಟರು. ಕೊನೆಯ ಬಸ್ಸುಗಳಲ್ಲೊಂದು ಸಿಕ್ಕಿತು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಅರೇಹಳ್ಳಿ ಕಡೆಯ ಕಾಫಿ ತೋಟಕ್ಕೆ ಕೆಲಸಕ್ಕೆ ಹೊರಟವರು ಪಾತ್ರೆ ಪಗಡದೊಂದಿಗೆ ತುಂಬಿದ್ದರು. ಬೇಲೂರಿನ ಲಾಡ್ಜಿನಲ್ಲಿ ಮೂವರಿಗೂ ಸೇರಿ ಒಂದು ಕೋಣೆ. ಊಟ ಚೆನ್ನಾಗಿತ್ತು, ಸಾರು ಮಾತ್ರ ನೀರು. ಮಲ್ಲಣ್ಣನ ಗೊರಕೆಯ ವಿಷಯ ಬರೆದರೆ ನಂಬುವವರು ಕಡಿಮೆ, ಬಿಟ್ಟುಬಿಡುತ್ತೇನೆ.

ಭಾನುವಾರ ಬೆಳಗ್ಗೆ ದೇವಸ್ಥಾನದ ಬಾಗಿಲು ತೆಗೆಯುವ ಹೊತ್ತಿಗೆ ಹೋದೆವು. ಕಲ್ಲಿನ ಹಾಸು ಇನ್ನೂ ತಣ್ಣಗಿತ್ತು. ಬೇಲೂರಿನಲ್ಲಿ ಎಲ್ಲರೂ ಕತ್ತು ಮೇಲೆತ್ತಿಕೊಂಡು ತಿರುಗುತ್ತಾರೆ, ಮದನಿಕೆಯರಿಗಾಗಿ. ಸೂರಿನ ಅಡಿಯಲ್ಲಿ ಸುತ್ತಲೂ ಓರೆಯಾಗಿ ನಿಂತ ಆ ಹೆಣ್ಣುಗೊಂಬೆಗಳನ್ನು ಚಂದ್ರುವೂ ಕತ್ತೆತ್ತಿ ನೋಡಿದ. ಆಮೇಲೆ ಮಲ್ಲಣ್ಣನ ಹೆಗಲ ಮೇಲೆ ಕೈಹಾಕಿ, "ನೀನು ಹೇಳ್ಲಾ. ನಿನ್ನ ಬಾಯಲ್ಲಿ ಕೇಳಬೇಕು. ಏನೇನು ಮಾಡ್ತಾವ್ರೆ ಇವರೆಲ್ಲ?" ಎಂದ.

ಹೇಳು ಎಂದರೆ ಬಿಡುವವನಲ್ಲ ಮಲ್ಲಣ್ಣ. "ಇವಳು ಕನ್ನಡಿ ಹಿಡ್ಕಂಡವ್ಳೆ. ಹಣೆಗೆ ಇಟ್ಕಂಡಿದ್ದು ನೆಟ್ಟಗೈತಾ ಅಂತ ನೋಡ್ಕತಾವ್ಳೆ. ಮದುವೆಗೆ ಹೊಂಟಾಗ ನಮ್ಮನೆಯೋಳೂ ಇಂಗೇ ಕಣ್ಲಾ, ಬಸ್ಸು ಹೋದ್ರೂ ಕನ್ನಡಿ ಬಿಡಲ್ಲ. ಅಗೋ ಅವಳ ಕೈಯಾಗೆ ಗಿಳಿ ಐತೆ. ಗಿಳಿಗೇನೋ ಬುದ್ಧಿ ಹೇಳ್ತಾವ್ಳೆ. ಅದು ಕೇಳಂಗೆ ಕಾಣಲ್ಲ."

ಪಕ್ಕದಲ್ಲಿ ನಿಂತಿದ್ದ ಯಾರೋ ಪ್ರವಾಸಿಗರೂ ನಗತೊಡಗಿದರು. ಚಂದ್ರು ಬಾಯ್ತುಂಬ ನಕ್ಕು, "ಗಿಳಿ ಎಷ್ಟು ಚೆನ್ನಾಗಿ ಮಾಡವ್ರೆ ನೋಡು ರಾಜ" ಎಂದು ಬೆರಳು ತೋರಿಸಿದ.

ಅವನ ಬೆರಳು ತೋರಿಸುತ್ತಿದ್ದದ್ದು ಡೋಲು ಬಾರಿಸುವವಳನ್ನು. ಅವಳ ಹತ್ತಿರ ಗಿಳಿ ಇರಲಿಲ್ಲ. ಗಿಳಿಯವಳು ಆಚೆ ಮೂಲೆಯಲ್ಲಿದ್ದಳು.

ಬಸ್ಸಿನ ಬೋರ್ಡು, ಎಮ್ಮೆ, ಗೋಡೆಗೆ ತಾಗಿದ ಮೂಗು, ಗಿರಿಜ ನಗದೆ ನಿಂತದ್ದು ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಇವನಿಗೆ ದೂರದ್ದು ಕಾಣುತ್ತಿಲ್ಲ. ದೂರ ಕಾಣದವನು ಗುರುವಾರ ಪರೀಕ್ಷೆಗೆ ಹೋಗುತ್ತಾನೆ, ಮತ್ತು ಪಾಸಾಗುತ್ತೇನೆ ಎಂಬ ಧೈರ್ಯದಲ್ಲಿದ್ದಾನೆ. ಆ ಧೈರ್ಯ ಎಲ್ಲಿಂದ ಬಂತು ಎಂಬುದು ನನಗೆ ಅರ್ಥವಾಗಲಿಲ್ಲ.

ಬೇಲೂರಿನಿಂದ ವಾಪಸು ಬರುವಾಗ ಕಿಟಕಿಯ ಆಚೆ ಏನಿತ್ತೋ ನನಗೆ ನೆನಪಿಲ್ಲ. ಮಲ್ಲಣ್ಣ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತೆಗೆದು ಕೊಟ್ಟ. ತಿಂದೆ. ಕೇಳಿಬಿಡಲೇ ಎಂದು ಬಾಯಿ ತೆರೆದು ಮತ್ತೆ ಮುಚ್ಚಿದೆ. ಕೇಳಿದರೆ ಅವನ ಸೀಟು ಹೋಗುತ್ತದೆ; ನಾನೇ ಕಿತ್ತುಕೊಂಡ ಹಾಗಾಗುತ್ತದೆ. ಕೇಳದಿದ್ದರೆ, ಒಂದು ದಿನ ಅವನು ಮುಂದೆ, ನಾನು ಹಿಂದೆ, ನಡುವೆ ಇಡೀ ಗೂಡ್ಸ್ ಗಾಡಿ. ನಾನು ಒಬ್ಬನೇ ಆಗಿದ್ದರೆ ಇನ್ನೊಂದು ಮಾತು. ಹಳಿ ದಾಟುವ ಜನ, ಎದುರಿನಿಂದ ಬರುವ ಪ್ಯಾಸೆಂಜರು, ಗೇಟಿನಲ್ಲಿ ನಿಂತ ಎತ್ತಿನಗಾಡಿ. ನನಗೆ ಹೆದರಿಕೆಯಾಯಿತು, ಜೊತೆಗೆ ಅವನ ಮೇಲೆ ಸಿಟ್ಟೂ ಬಂತು. ಇಷ್ಟು ವರ್ಷದ ಗೆಳೆಯ, ನನಗೇ ಹೇಳಲಿಲ್ಲವಲ್ಲ ಎಂದು.

ಅರಸೀಕೆರೆಯಲ್ಲಿ ಇಳಿದು, ಚೀಲಗಳನ್ನು ಮಲ್ಲಣ್ಣನ ಮಂಡಿಯಲ್ಲಿಟ್ಟು, ಊರಾಚೆಗೆ ನಡೆದೆವು. ಹಿರೇಕಲ್ ಸಾಲಿನ ಒಂದು ಚಿಕ್ಕ ಗುಡ್ಡ ನಮ್ಮ ಪಾಲಿಗೆ ಹೈಸ್ಕೂಲಿನ ಕಾಲದಿಂದ ಕ್ಯಾಬಿನ್ ಗುಡ್ಡ. ಸ್ಟೇಷನ್ನಿನ ಸಿಗ್ನಲ್ ಕ್ಯಾಬಿನ್ನಿನಿಂದ ಕಂಡಂತೆ ಅದರ ನೆತ್ತಿಯಿಂದ ಹಳಿಗಳೆಲ್ಲ ಕಾಣುತ್ತವೆ. ಪ್ರತಿ ತಿರುಗಾಟವೂ ಅಲ್ಲೇ ಮುಗಿಯಬೇಕು ಎಂಬುದು ನಮ್ಮ ಕಟ್ಟಲೆ. ನೆತ್ತಿಯಲ್ಲಿ ಡ್ರೈವರು ಕಂಡ ಸಿಗ್ನಲ್ಲನ್ನು ಕೂಗುತ್ತಾನೆ, ಗಾರ್ಡು ಆಲ್ ರೈಟ್ ಎನ್ನುತ್ತಾನೆ, ಆಮೇಲೆ ಗಾಡಿ ಮನೆಗೆ.

ಹತ್ತುವಾಗ ಚಂದ್ರು ಮುಂದಿದ್ದ. ಒಂದು ಮಾತೂ ತಪ್ಪಿಲ್ಲದೆ ಕರೆದ. ಬಂಡೆ ಎಂದಲ್ಲಿ ಬಂಡೆ, ಜಾಲಿ ಮುಳ್ಳು ಎಂದಲ್ಲಿ ಮುಳ್ಳು. ಅಬ್ಬಾ, ನನ್ನದೇ ತಪ್ಪು ಲೆಕ್ಕ, ಬೇಲೂರಿನಲ್ಲಿ ಬೆರಳು ಒಂಚೂರು ಆಚೀಚೆ ಆಗಿರಬಹುದು ಎಂದು ನನಗೆ ಹೋದ ಜೀವ ಬಂದಂತಾಯಿತು. ಹುಡುಗನಾಗಿದ್ದಾಗಿನಿಂದ ಹತ್ತಿದ ಗುಡ್ಡ ಅದು ಎಂಬುದು ಆಗ ಹೊಳೆಯಲಿಲ್ಲ.

ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಇಳಿಬಿಸಿಲಿನಲ್ಲಿ ಹೊಸ ಹಳಿ ಹೊಳೆಯುತ್ತಿತ್ತು. ಹಾಸನದ ಕಡೆಯಿಂದ ಒಂದು ಗಾಡಿಯ ಹಾರನ್ ಕೇಳಿತು. ಚಂದ್ರು ನೆಟ್ಟಗೆ ನಿಂತು, ಎಂಜಿನ್ನಿನಲ್ಲಿ ನಿಲ್ಲುವಂತೆಯೇ ಎದೆಯುಬ್ಬಿಸಿ, ಆ ಕಡೆಗೆ ಕೈ ಚಾಚಿ ಕೂಗಿದ:

"ಹೋಂ ಸಿಗ್ನಲ್. ಕೈ ಇಳಿದೈತೆ. ಗಾಡಿ ಬರ್ತಾ ಐತೆ."

ಊರಾಚೆ ನಿಂತು ಗಾಡಿಯನ್ನು ಸ್ಟೇಷನ್ನಿನ ಒಳಗೆ ಬಿಡುವುದು ಹೋಂ ಸಿಗ್ನಲ್. ಹಳೆಯ ಸಿಗ್ನಲ್ಲಿಗೆ ಕಂಬದ ಮೇಲೊಂದು ಕೈ ಇರುತ್ತಿತ್ತು, ಕೈಮರ. ಕೈ ಇಳಿದರೆ ಗಾಡಿ ಬರಬಹುದು. ಹಾಸನದ ಕಡೆಯ ಆ ಕೈಮರವನ್ನು ಹೋದ ವಾರ ಕಿತ್ತಿದ್ದರು. ನನ್ನ ಗಾಡಿ ಅಲ್ಲೇ ನಿಂತಿದ್ದಾಗ, ಅದು ಹುಲ್ಲಿನಲ್ಲಿ ಅಡ್ಡಬಿದ್ದಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಈಗ ಅಲ್ಲಿ ಇರುವುದು ಬಣ್ಣದ ದೀಪದ ಹೊಸ ಕಂಬ. ಷೆಡ್ಡಿನಲ್ಲಿ ಕೆಲಸ ಮಾಡುವ ಚಂದ್ರುವಿಗೆ ಊರಾಚೆಯ ಆ ಜಾಗಕ್ಕೆ ಹೋಗುವ ಪ್ರಮೇಯ ಬಂದಿರಲಿಲ್ಲ.

ಅವನು ನನ್ನ ಆಲ್ ರೈಟ್‌ಗೆ ಕಾಯುತ್ತಿದ್ದ. ಕೈ ಚಾಚಿದ್ದು ಹಾಗೇ ಇತ್ತು.

"ಹೋಂ ಸಿಗ್ನಲ್, ಕೈ ಇಳಿದೈತೆ" ಎಂದ ಇನ್ನೊಮ್ಮೆ, ಜೋರಾಗಿ.

"ಹೇಳ್ಲಾ ರಾಜ, ಗಾಡಿ ನಿಂತೋಯ್ತಲ್ಲ" ಎಂದ ಮಲ್ಲಣ್ಣ. ಅವನಿಗೆ ಕೈಮರದ ವಿಷಯ ಗೊತ್ತಿಲ್ಲ.

ನನಗೆ ಹೇಳಲಾಗಲಿಲ್ಲ. ಆಟದಲ್ಲಿ ಕೂಡ ಆ ಮಾತು ಬಾಯಿಂದ ಹೊರಡಲಿಲ್ಲ. ಕಡೆಗೆ, "ಚಂದ್ರು, ಆ ಕೈಮರ ಅಲ್ಲಿಲ್ಲ ಕಣೋ. ಕಿತ್ತುಬಿಟ್ಟವ್ರೆ" ಎಂದೆ.

ಅವನ ಕೈ ಮೆಲ್ಲಗೆ ಇಳಿಯಿತು. "ಯಾವಾಗ?" ಎಂದ.

"ಹೋದ ವಾರ."

ಅವನು ಅಲ್ಲೇ ಬಂಡೆಯ ಮೇಲೆ ಕೂತ. ಮಲ್ಲಣ್ಣ ನನ್ನ ಮುಖ ನೋಡಿದ, ಅವನ ಮುಖ ನೋಡಿದ, ತಾನೂ ಕೂತ.

"ಕಂಬ ಕಾಣಲ್ವಾ ನಿಂಗೆ?" ಎಂದು ಕೇಳಿದೆ.

"ಕಂಬ ಎಲ್ಲಿಂದ ಬಂತು? ಹಳಿ ಕಾಣ್ತದೆ. ಕಾಣ್ತದೆ ಅಂದ್ರೆ, ಹಳಿ ಎಲ್ಲಿರ್ತದೆ ಅಂತ ಗೊತ್ತು, ಅಷ್ಟೆ." ಕಣ್ಣುಜ್ಜಿಕೊಂಡ. "ಮಳೆ ಶುರುವಾದಾಗಿಂದ ಹಿಂಗೆ. ಎಲ್ಲದರ ಮೇಲೂ ಮಂಜು. ಸಂತೇಲಿ ಮಾರೋ ಕನ್ನಡಕ ಎಲ್ಲಾ ಹಾಕಿ ನೋಡ್ದೆ, ಮಂಜು ಹೋಗ್ಲಿಲ್ಲ. ಡಾಕ್ಟ್ರ ಹತ್ರ ಹೋದ್ರೆ ನಾಳೆ ಷೆಡ್ಡಿಗೆಲ್ಲ ಗೊತ್ತಾಯ್ತದೆ."

"ಮತ್ತೆ ಗುರುವಾರ ಹೆಂಗೆ ಪಾಸಾಯ್ತಿದ್ದೆ?"

"ಆ ಗೋಡೆ ಮೇಲಿನ ಬೋರ್ಡಿನ ಅಕ್ಷರ ಮೇಲಿಂದ ಕೆಳಗಿನವರೆಗೂ ಬಾಯಿಪಾಠ ಮಾಡ್ಕಂಡಿದೀನಿ. ಹೋಗಿಬಂದವರನ್ನ ಕೇಳಿ ಕೇಳಿ."

ಧೈರ್ಯ ಎಲ್ಲಿಂದ ಬಂದಿತ್ತು ಎಂದು ಆಗ ಅರ್ಥವಾಯಿತು. ನನ್ನ ಮೈಯೆಲ್ಲ ಉರಿದುಹೋಯಿತು. "ಹಿಂದಿನ ಡಬ್ಬಿಯಲ್ಲಿ ನಾನಿರ್ತೀನಿ ಅಂತ ನೆನಪಿತ್ತೇನ್ಲಾ ನಿಂಗೆ?" ಎಂದು ಕೂಗಿಯೇಬಿಟ್ಟೆ. "ಕಡ್ಲೆಕಾಯಿ ತಿಂತಾ ಕೂತಿರ್ತೀನಿ ಅಂದೆನಲ್ಲ, ಕೇಳಿಸ್ತಾ?"

"ಕೇಳಿಸ್ತು. ಅದಕ್ಕೇ ರಾತ್ರಿ ಕಣ್ಣು ಮುಚ್ಚಲಿಲ್ಲ. ಮಲ್ಲನ ಗೊರಕೆಗಲ್ಲ." ಹಳಿಯ ಕಡೆ ಮುಖ ತಿರುಗಿಸಿದ. "ನಮ್ಮಪ್ಪ ಸಾಯೋವರೆಗೂ ಆ ಸೀಟಿನ ಮಾತೇ ಆಡ್ದ ಕಣೋ. ಇನ್ನು ನಾಕು ದಿನ ಇತ್ತು."

ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಅವನ ಪಕ್ಕ ಹೋಗಿ ಕೂತೆ. ಹೆಗಲ ಮೇಲೆ ಕೈಯಿಟ್ಟೆ.

ಆಗ ಮಾತಾಡಿದವನು ಮಲ್ಲಣ್ಣ. "ನಮ್ಮವ್ವಂಗೂ ಇದೇ ಆಗಿತ್ತು. ಎಲ್ಲಾ ಮಂಜು ಮಂಜು ಅಂತಿದ್ಳು. ಪೊರೆ ಅಂದ್ರು, ತೆಗೆಸಿದ್ವಿ. ಈಗ ನಾನು ಮನೆ ಮುಂದೆ ಬೀಡಿ ಸೇದಿದ್ರೆ ಅಡಿಗೆಮನೆಯಿಂದ್ಲೇ ನೋಡಿ ಬೈತಾಳೆ."

"ನಿಮ್ಮವ್ವನ ವಯಸ್ಸೇನ್ಲಾ, ನನ್ನ ವಯಸ್ಸೇನು?"

"ಪೊರೆಯೋ ಇನ್ನೊಂದೋ, ನಂಗೇನ್ ಗೊತ್ತು? ತೋರಿಸ್ದೇ ಹೆಂಗ್ ಗೊತ್ತಾಯ್ತದೆ? ವಾಸಿಯಾಗೋದನ್ನ ಮುಚ್ಚಿಟ್ಕಂಡು ಕೂತಿದ್ರೆ ಆಮೇಲೆ ನಿನ್ನಷ್ಟು ದಡ್ಡ ಯಾರೂ ಇರಲ್ಲ. ವಾಸಿಯಾಗಿಲ್ಲ ಅಂದ್ರೂ ನಿನಗೆ ಎಂಜಿನ್ನಿನ ಒಳಗೂ ಹೊರಗೂ ಗೊತ್ತು, ಹುಡುಗರಿಗೆ ಕಲಿಸು. ಮಂಡೀಲಿ ನಾನು ಮರ ಹತ್ತತೀನೇನು? ಕೂತಲ್ಲೇ ಕೊಬ್ಬರಿ ನೋಡಲ್ವಾ?"

ಹಾರನ್ ಮತ್ತೆ ಕೇಳಿತು, ಈಗ ಹತ್ತಿರದಲ್ಲಿ. ಚಂದ್ರುವಿನ ತಲೆ ತಾನೇ ತಾನಾಗಿ ಆ ಕಡೆ ತಿರುಗಿತು.

"ರಾಜ" ಎಂದ. "ನೀನು ಹೇಳು. ಏನೇನೈತೆ?"

ಎದ್ದು ನಿಂತೆ. ಕೈ ಚಾಚಿದೆ. ನನ್ನ ಸರ್ವಿಸಿನಲ್ಲಿ ನಾನು ಮುಂದಿನದನ್ನು ಕರೆದವನಲ್ಲ, ಯಾವತ್ತೂ ಹಿಂದಿನವನು. "ಹೊಸ ಕಂಬ. ದೀಪದ್ದು. ಹಸಿರು."

"ಆಲ್ ರೈಟ್" ಎಂದ ಚಂದ್ರು, ಕೂತಲ್ಲಿಂದಲೇ.

"ಎಂಜಿನ್ನು ಬಂತು. ದೊಡ್ಡದು. ಹಿಂದೆ ಪ್ಯಾಸೆಂಜರ್ ಡಬ್ಬಿ. ಬಾಗಿಲಲ್ಲಿ ಜನ ನಿಂತವ್ರೆ. ಒಬ್ಬ ಕೈ ಬೀಸ್ತಾವ್ನೆ, ನಮಗೋ ಯಾರಿಗೋ."

"ಆಲ್ ರೈಟ್."

"ಕಡೇ ಡಬ್ಬಿ ಬಂತು. ಗಾರ್ಡು ಬಾಗಿಲಲ್ಲೇ ಅವ್ನೆ. ಹೋಯ್ತು."

"ಆಲ್ ರೈಟ್" ಎಂದ. ಗಾಡಿಯ ಸದ್ದು ಸ್ಟೇಷನ್ನಿನ ಕಡೆ ಕರಗುವವರೆಗೂ ಕಿವಿಗೊಟ್ಟು ಕೂತಿದ್ದ. ಆಮೇಲೆ ಎದ್ದು ಪ್ಯಾಂಟಿನ ಧೂಳು ಕೊಡವಿದ. "ಗುರುವಾರ ಹೋಗ್ತೀನಿ" ಎಂದ. "ಬೋರ್ಡ್ ಓದು ಅನ್ನೋಕೆ ಮುಂಚೇನೇ ಡಾಕ್ಟ್ರಿಗೆ ಹೇಳ್ತೀನಿ, ನಂಗೆ ಕಾಣಲ್ಲ ಅಂತ. ಆಮೇಲೆ ಏನಾಯ್ತದೋ ಆಗ್ಲಿ."

ಇಳಿಯಲು ಹೊರಟಾಗ ಅಭ್ಯಾಸಬಲದಿಂದ ನಾನು ಪಕ್ಕಕ್ಕೆ ಸರಿದು ಅವನಿಗೆ ದಾರಿ ಬಿಟ್ಟೆ. ಚಂದ್ರು ಅಲ್ಲಾಡಲಿಲ್ಲ.

"ನೀನು ಮುಂದೆ ನಡಿ" ಎಂದ.

ಹಾಗೆ ಅಂದು ಗಾರ್ಡು ಮುಂದೆ, ವ್ಯಾಗನ್ನು ನಡುವೆ, ಡ್ರೈವರು ಹಿಂದೆ. ಮುಂದೆ ನಡೆಯುವುದು ಹೇಳಿದಷ್ಟು ಸುಲಭವಲ್ಲ. ಪ್ರತಿ ಕಲ್ಲೂ ನನ್ನ ಜವಾಬ್ದಾರಿ. "ಜಾರು ಐತೆ" ಎಂದೆ, "ಇಲ್ಲಿ ಗುಂಡಿ" ಎಂದೆ. ಹಿಂದಿನಿಂದ ಒಂದೂ ತಪ್ಪದೆ ಆಲ್ ರೈಟ್ ಬಂತು. ಅರ್ಧ ಇಳಿದ ಮೇಲೆ ಚಂದ್ರು, "ಏನ್ಲಾ ಗಾರ್ಡಪ್ಪ, ಈ ಸ್ಪೀಡಲ್ಲಿ ಹೋದ್ರೆ ನಾಳೆ ಬೆಳಗ್ಗೆ ಊರು ಸೇರ್ತೀವಿ" ಎಂದ. ಮಲ್ಲಣ್ಣ ನಕ್ಕ. ನನಗೂ ನಗು ಬಂತು. ಇಷ್ಟು ವರ್ಷ ನಾನು ಅವನಿಗೆ ಹೇಳುತ್ತಿದ್ದ ಮಾತೇ ಅದು.

ಊರು ಸೇರುವಾಗ ಬೀದಿ ದೀಪಗಳು ಹತ್ತಿದ್ದವು. ಹಿಂದೆ ತಿರುಗಿ ನೋಡಿದೆ. ಕ್ಯಾಬಿನ್ ಗುಡ್ಡದ ನೆತ್ತಿಯಲ್ಲಿ ಇನ್ನೂ ಒಂಚೂರು ಬೆಳಕು ಉಳಿದಿತ್ತು. ಚಂದ್ರುವಿನ ಬೀದಿಗೆ ತಿರುಗಿದರೆ ಗಿರಿಜ ಬಾಗಿಲಲ್ಲೇ ನಿಂತಿದ್ದಳು, ಸೆರಗನ್ನು ಕೈಗೆ ಸುತ್ತಿಕೊಂಡು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

ಅವಳಿಗೆ ಮೊದಲು ಕಂಡವನು ನಾನು. ನನ್ನ ಹಿಂದೆ ಮಲ್ಲಣ್ಣ. ಅವಳು ನಮ್ಮಿಬ್ಬರನ್ನೂ ದಾಟಿ ಹಿಂದೆ ನೋಡಿದಳು. ಕಡೆಯಲ್ಲಿ ಚಂದ್ರು ಬರುತ್ತಿದ್ದ.

"ಗಾಡಿ ರಿವರ್ಸ್ ಬಂತಾ ಅಣ್ಣ?" ಎಂದು ಕೇಳಿದಳು. ದನಿ ತೀರ ಸಣ್ಣಗಿತ್ತು.

"ಬಂತಮ್ಮ" ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಚಂದ್ರು ಮೆಟ್ಟಿಲ ಹತ್ತಿರ ಬಂದು, ಚಪ್ಪಲಿ ಬಿಡುತ್ತಾ, ತಲೆ ಎತ್ತದೆ ಹೇಳಿದ:

"ಗುರುವಾರ ಮೈಸೂರಿಗೆ ನೀನೂ ಬಾ ಕಣೇ. ಆ ಬೋರ್ಡಿನಲ್ಲಿ ನಿಜವಾಗ್ಲೂ ಏನು ಬರೆದೈತೆ ಅಂತ ಓದಿ ಹೇಳುವಿಯಂತೆ."